ಗಾಡಿಯನ್ನು ನಿಲ್ಲಿಸುವುದು ಯಾರು?

ಮಕ್ಕಳೇ, ಈ ಲೇಖನವನ್ನು ಓದುವ ಮೊದಲು ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದಿಡಿ. ನೀವು ಸೈಕಲ್ ಮೇಲೆ ಹೊರಟಿದ್ದೀರಿ. ಎದುರಿಗೆ ಎಮ್ಮೆಯೊಂದು ಅಡ್ಡ ಬಂತು. ನೀವು ಬ್ರೇಕ್ ಹಿಡಿದಿರಿ. ಸೈಕಲ್ ನಿಂತಿತು. ಹಾಗಾದರೆ ಸೈಕಲ್ಲನ್ನು ನಿಲ್ಲಿಸಿದ್ದು ಯಾವುದು?

'ಬ್ರೇಕ್' ಎಂದು ಬರೆದಿರಾ? ನಾನೂ ಹಾಗೆಯೇ ಹೇಳುತ್ತಿದ್ದೆ. ಒಂದೆರಡು ದಿನವಲ್ಲ, ಸುಮಾರು ಮೂವತ್ತು ವರ್ಷ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದೆ. ಶಾಲೆಯಿಂದ ಶಾಲೆಗೆ ಹೋಗಿ ಘರ್ಷಣೆಯ ಪಾಠವನ್ನು ಅದೆಷ್ಟೋ ಸಲ ಹೇಳಿಕೊಟ್ಟೆ. ಆದರೂ ನನ್ನ ಉತ್ತರ ತಪ್ಪು ಎಂಬುದು ನನಗೆ ಹೊಳೆದಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಒಂದು ಆಟದ ಕಾರು. ನನ್ನ ತಪ್ಪು ಉತ್ತರದಿಂದ ಒಬ್ಬ ಒಳ್ಳೆಯ ಮನುಷ್ಯನಿಗೆ ಅನ್ಯಾಯವೂ ಆಗಿತ್ತು. ಮೊದಲು ಆ ಅನ್ಯಾಯದ ಕಥೆ ಹೇಳುತ್ತೇನೆ, ಆಮೇಲೆ ಕಾರಿನ ಕಥೆ.

ದುರ್ಗದಬೈಲಿನಲ್ಲಿ ಬಿದ್ದದ್ದು

ಹುಬ್ಬಳ್ಳಿಯ ದುರ್ಗದಬೈಲನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹೆಸರಿನಲ್ಲಿ ಬಯಲು ಇದೆ, ಆದರೆ ಅಲ್ಲಿ ಖಾಲಿ ಜಾಗ ಕಾಣುವುದೇ ಅಪರೂಪ. ಬಟ್ಟೆ, ಬಳೆ, ಪಾತ್ರೆ, ಹಣ್ಣು ಮಾರುವವರು, ತಳ್ಳುಗಾಡಿಗಳು, ಸಂಜೆಯಾದರೆ ಗಿರ್ಮಿಟ್ ಮತ್ತು ಮಿರ್ಚಿ ಭಜಿಯ ವಾಸನೆ. ನಮ್ಮ ಮನೆ ಅದರ ಹಿಂದಿನ ಓಣಿಯೊಂದರಲ್ಲಿತ್ತು.

1993ರ ಜೂನ್ ತಿಂಗಳು. ನಾನಾಗ ಏಳನೆಯ ತರಗತಿ, ಅಂದರೆ ನಿಮ್ಮಷ್ಟೇ ವಯಸ್ಸು. ಅಪ್ಪನ ಹಳೆಯ ಸೈಕಲ್ ನನ್ನ ಪಾಲಿಗೆ ಬಂದಿತ್ತು. ಓಣಿಯ ಮೂಲೆಯಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಅಂಗಡಿಯವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ಎರಡೂ ಗಾಲಿಗಳಿಗೆ ಹೊಸ ಬ್ರೇಕ್ ರಬ್ಬರು ಹಾಕಿ, ಹಿಡಿದು ನೋಡಿ, ನನ್ನ ಕೈಗೆ ಕೊಟ್ಟು ಹೇಳಿದರು:

"ತಮ್ಮಾ, ಎರಡೂ ಬ್ರೇಕ್ ಕೂಡೇ ಹಿಡಿ. ಮೆತ್ತಗ ಹಿಡಿ."

ಆದರೆ ನಮ್ಮ ಓಣಿಯ ಹುಡುಗರಲ್ಲಿ ಬೇರೆಯೇ ಒಂದು ನಂಬಿಕೆ ಇತ್ತು. ಮುಂದಿನ ಬ್ರೇಕ್ ಹಿಡಿದರೆ ಸೈಕಲ್ ಪಲ್ಟಿ ಹೊಡೆಯುತ್ತದೆ, ಆದ್ದರಿಂದ ಹಿಂದಿನದನ್ನು ಮಾತ್ರ ಹಿಡಿಯಬೇಕು ಎಂದು. ನಾನು ಹುಡುಗರ ಮಾತು ಕೇಳಿದೆ.

ಎರಡು ದಿನದ ನಂತರ ಮಳೆ ಬಂತು. ಸಂತೆ ಮುಗಿದ ಮೇಲಿನ ರಸ್ತೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಲ್ಲ? ಕೆಸರು, ಕೋಸಿನ ಎಲೆ, ಬಾಳೆಹಣ್ಣಿನ ಸಿಪ್ಪೆ. ನಾನು ಜೋರಾಗಿ ಬಂದು ದುರ್ಗದಬೈಲಿನ ತಿರುವಿಗೆ ಹೊರಳಿದೆ. ಎದುರಿಗೆ ತಳ್ಳುಗಾಡಿ. ಹೆದರಿ ಹಿಂದಿನ ಬ್ರೇಕನ್ನು ಇದ್ದಬಿದ್ದ ಬಲವೆಲ್ಲ ಹಾಕಿ ಹಿಡಿದೆ. ಸೈಕಲ್ ನಿಲ್ಲಲಿಲ್ಲ. ಅದರ ಹಿಂಭಾಗ ಬದಿಗೆ ಜಾರಿತು, ನಾನು ಎಡಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಮುರಿಯಿತು.

"ಬ್ರೇಕ್ ಹತ್ತಲಿಲ್ಲ" ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಸೈಕಲ್ ತೆಗೆದುಕೊಂಡು ಕಾಕಾನ ಅಂಗಡಿಗೆ ಹೋಗಿ ಎಲ್ಲರೆದುರು ಬೈದರು. ಕಾಕಾ ಜಗಳಕ್ಕೆ ಬರಲಿಲ್ಲ. ಹಿಂದಿನ ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಟೈರಿನ ಮೇಲೆ ಒಂದು ಜಾಗದಲ್ಲಿ ಬೆರಳಿಟ್ಟರು. ಆಮೇಲೆ ನನ್ನ ಕಡೆ ನೋಡಿ ಒಂದೇ ಪ್ರಶ್ನೆ ಕೇಳಿದರು:

"ತಮ್ಮಾ, ಬ್ರೇಕ್ ಹಿಡದಾಗ ಗಾಲಿ ನಿಂತಿತ್ತೋ, ತಿರಗತಿತ್ತೋ?"

ಸೈಕಲ್ ನಿಲ್ಲಲಿಲ್ಲ ಎಂದರೆ ಗಾಲಿ ತಿರುಗುತ್ತಲೇ ಇದ್ದಿರಬೇಕು ಎಂದು ನನಗೆ ಅನಿಸಿತು. "ತಿರಗತಿತ್ರಿ" ಎಂದೆ.

ಕಾಕಾ ಮತ್ತೆ ಮಾತಾಡಲಿಲ್ಲ. ಅಂದಿನಿಂದ ಅಪ್ಪ ಬೇರೆ ಅಂಗಡಿಗೆ ಹೋಗತೊಡಗಿದರು. ನಮ್ಮ ಮಾತು ಕೇಳಿ ಓಣಿಯ ಇನ್ನೂ ಎರಡು ಮೂರು ಮನೆಯವರು ಹಾಗೆಯೇ ಮಾಡಿದರು.

ಅಳಿಯನ ಕಾರು

ಈಗ ಕಾರಿನ ಕಥೆ. ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಬೆಂಗಳೂರಿನ ಗೆಳೆಯನೊಬ್ಬನಿಂದ ಒಂದು ಹಳೆಯ ರೇಡಿಯೊ ನಿಯಂತ್ರಿತ ಕಾರನ್ನು ಕೊಂಡು ತಂದಿದ್ದ. ದೀಪಾವಳಿ ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಅದನ್ನು ನೋಡಿದೆ. ದುರ್ಗದಬೈಲಿನ ತಳ್ಳುಗಾಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಕಾರಿನಂಥದ್ದಲ್ಲ ಇದು. ಸೆಲ್ ಹಾಕಿ ಓಡಿಸುವ ಕಾರೂ ಅಲ್ಲ. ಇದರಲ್ಲಿ ನಿಜವಾದ ಎಂಜಿನ್ ಇದೆ!

ಇಂಥ ಕಾರುಗಳನ್ನು 'ನೈಟ್ರೊ ಟೂರಿಂಗ್ ಕಾರು' ಎನ್ನುತ್ತಾರೆ. ನಿಜವಾದ ಕಾರಿನ ಹತ್ತನೆಯ ಒಂದು ಭಾಗದಷ್ಟು ಅಳತೆ. ಉದ್ದ ಸುಮಾರು 40 ಸೆಂ.ಮೀ., ಅಗಲ ಸುಮಾರು 20 ಸೆಂ.ಮೀ., ತೂಕ ಎರಡು ಕಿಲೋಗಿಂತ ಕಡಿಮೆ. ಎಂಜಿನ್ನಿನ ಗಾತ್ರ ಸುಮಾರು 2 ಸಿ.ಸಿ. ಮಾತ್ರ. ನಮ್ಮ ಊರುಗಳಲ್ಲಿ ಓಡುವ ಸಾಮಾನ್ಯ ಮೋಟಾರ್ ಸೈಕಲ್ಲಿನದು 100 ಸಿ.ಸಿ. ಎಂದರೆ ಇದು ಎಷ್ಟು ಚಿಕ್ಕದು ಎಂದು ನೀವೇ ಲೆಕ್ಕ ಹಾಕಿ. ಆದರೆ ಇದು ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗಬಲ್ಲದು. ಇದಕ್ಕೆ ಪೆಟ್ರೋಲ್ ಹಾಕುವುದಿಲ್ಲ. ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ ಬೆರೆಸಿದ ಇಂಧನ ಬೇಕು. ನೈಟ್ರೊ ಎಂಬ ಹೆಸರು ಬಂದದ್ದು ಅದರಿಂದಲೇ. (ಮೆಥನಾಲ್ ವಿಷ. ಇಂಥ ಕಾರನ್ನು ಎಲ್ಲಾದರೂ ಕಂಡರೆ ದೂರದಿಂದ ನೋಡಿ. ಇಂಧನವನ್ನಾಗಲಿ ಬಿಸಿ ಎಂಜಿನ್ನನ್ನಾಗಲಿ ಮುಟ್ಟಬೇಡಿ.)

ಓಡಿಸುವವನ ಕೈಯಲ್ಲಿ ಬಂದೂಕಿನಂಥ ಒಂದು ರೇಡಿಯೊ ಇರುತ್ತದೆ. ಅದರ ಕುದುರೆಯನ್ನು ಹಿಂದಕ್ಕೆ ಎಳೆದರೆ ಕಾರು ಓಡುತ್ತದೆ, ಮುಂದಕ್ಕೆ ತಳ್ಳಿದರೆ ಬ್ರೇಕ್ ಹತ್ತುತ್ತದೆ. ಕಾರಿನೊಳಗೆ ತಿರುಗುವ ದಂಡವೊಂದರ ಮೇಲೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ ಇದೆ. ಬ್ರೇಕ್ ಹಾಕಿದಾಗ ಎರಡು ಪಟ್ಟಿಗಳು ಅದನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ. ಆ ದಂಡ ಬೆಲ್ಟುಗಳ ಮೂಲಕ ನಾಲ್ಕೂ ಗಾಲಿಗಳಿಗೆ ಜೋಡಣೆಯಾಗಿದೆ. ಆದ್ದರಿಂದ ಬಿಲ್ಲೆ ನಿಂತರೆ ನಾಲ್ಕೂ ಗಾಲಿಗಳು ನಿಲ್ಲುತ್ತವೆ.

"ಮಾಮಾ, ಇದರ ಬ್ರೇಕ್ ಸರಿ ಇಲ್ರಿ" ಎಂದ ಅಳಿಯ. "ಬ್ರೇಕ್ ಹಿಡದ್ರ ನಿಲ್ಲೂದಿಲ್ಲ, ಗಿರಕಿ ಹೊಡಿತೈತಿ."

ಹಿಂದೆಲ್ಲೋ ಕೇಳಿದ ಮಾತು ಎನಿಸಿತು. ಆದರೆ ಯಾವುದು ಎಂದು ಆಗ ನೆನಪಾಗಲಿಲ್ಲ.

ನೆಲದ ಮೇಲಿನ ಕಪ್ಪು ಗೆರೆ

ಇಂಥ ಕಾರನ್ನು ರಸ್ತೆಯಲ್ಲಿ ಓಡಿಸುವುದು ಅಪಾಯ. ಅದಕ್ಕೆ ಪರಿಚಯದ ಶಾಲೆಯೊಂದರ ಮುಖ್ಯಶಿಕ್ಷಕರ ಅನುಮತಿ ಕೇಳಿ, ಭಾನುವಾರ ಬೆಳಿಗ್ಗೆ ಅಲ್ಲಿಯ ಸಿಮೆಂಟ್ ಅಂಗಳಕ್ಕೆ ಹೋದೆವು. ಸುಣ್ಣದ ಕಡ್ಡಿಯಿಂದ ಎರಡು ಗೆರೆ ಎಳೆದೆವು. ಮೊದಲ ಗೆರೆಯಿಂದ ಕಾರು ಹೊರಡಬೇಕು, ಎರಡನೆಯ ಗೆರೆ ದಾಟುವಾಗ ಬ್ರೇಕ್ ಹಾಕಬೇಕು. ಆಮೇಲೆ ಎಷ್ಟು ದೂರ ಹೋಗಿ ನಿಂತಿತು ಎಂದು ಟೇಪಿನಿಂದ ಅಳೆಯಬೇಕು. ಪ್ರತಿ ಸಲ ಐದು ಓಟ. ಬರೆದುಕೊಳ್ಳಲು ಒಂದು ನೋಟ್‌ಬುಕ್.

ಮೊದಲ ಐದು ಓಟಗಳಲ್ಲಿ ಮೂರು ಸಲ ಕಾರು ಗಿರಕಿ ಹೊಡೆದು ಹಿಂದುಮುಂದಾಗಿ ನಿಂತಿತು. ಉಳಿದ ಎರಡು ಸಲ ಸುಮಾರು 9 ಮೀಟರ್ ಜಾರಿಕೊಂಡು ಹೋಯಿತು.

"ನೋಡ್ರಿ, ಬ್ರೇಕ್ ಸಾಲೂದಿಲ್ಲ. ಇನ್ನೂ ಬಿಗಿ ಮಾಡ್ತೀನಿ" ಎಂದು ಅಳಿಯ ತಿರುಪಿಗೆ ಕೈ ಹಾಕಿದ.

ನಾನು ಅಷ್ಟರಲ್ಲಿ ನೆಲ ನೋಡುತ್ತಿದ್ದೆ. ಸಿಮೆಂಟಿನ ಮೇಲೆ ನಾಲ್ಕು ತೆಳುವಾದ ಕಪ್ಪು ಗೆರೆಗಳು ಬಿದ್ದಿದ್ದವು. ಉರುಳುವ ಟೈರು ಹೀಗೆ ಗೆರೆ ಎಳೆಯುವುದಿಲ್ಲ. ನೆಲಕ್ಕೆ ಉಜ್ಜಿಕೊಂಡು ಜಾರುವ ಟೈರು ಮಾತ್ರ ಎಳೆಯುತ್ತದೆ. ಅಂದರೆ ಬ್ರೇಕ್ ತನ್ನ ಕೆಲಸವನ್ನು ಪೂರ್ತಿ ಮಾಡಿತ್ತು. ಗಾಲಿಗಳು ನಿಂತಿದ್ದವು. ನಿಲ್ಲದಿದ್ದದ್ದು ಕಾರು!

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬ್ರೇಕ್ ಎಂಬುದು ಕಾರಿನದೇ ಒಂದು ಭಾಗ. ದೋಣಿಯೊಳಗೆ ಕುಳಿತು ಅದರ ಹಲಗೆಯನ್ನು ಎಷ್ಟು ಒತ್ತಿದರೂ ದೋಣಿ ಮುಂದೆ ಹೋಗದು. ನೀರನ್ನು ಹಿಂದಕ್ಕೆ ತಳ್ಳಬೇಕು, ಇಲ್ಲವೆ ದಡದಲ್ಲಿರುವವರು ಎಳೆಯಬೇಕು. ಚಲಿಸುವ ವಸ್ತುವನ್ನು ನಿಲ್ಲಿಸಲು ಹೊರಗಿನಿಂದ ಬಲ ಬೇಕು ಎನ್ನುತ್ತದೆ ನ್ಯೂಟನ್ನನ ನಿಯಮ. ಓಡುವ ಕಾರನ್ನು ಹೊರಗಿನಿಂದ ಮುಟ್ಟಿಕೊಂಡಿರುವುದು ಯಾವುದು? ಗಾಳಿ ಇದೆ, ಆದರೆ ಅದರ ತಡೆ ಇಲ್ಲಿ ಸಾಲದು. ಉಳಿದದ್ದು ನೆಲ. ಬ್ರೇಕ್ ನಿಲ್ಲಿಸುವುದು ಗಾಲಿಯನ್ನು. ಕಾರನ್ನು ನಿಲ್ಲಿಸುವುದು ನೆಲ. ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆಯ ಮೂಲಕ ಅದು ಕಾರನ್ನು ಹಿಡಿಯುತ್ತದೆ.

ಈ ಘರ್ಷಣೆಯಲ್ಲಿ ಎರಡು ಬಗೆ ಇದೆ. ಗಾಲಿ ಉರುಳುತ್ತಿರುವಾಗ ಟೈರಿನ ಯಾವ ಭಾಗ ನೆಲವನ್ನು ಮುಟ್ಟಿದೆಯೋ ಅದು ಆ ಕ್ಷಣದಲ್ಲಿ ಜಾರುತ್ತಿರುವುದಿಲ್ಲ. ನೀವು ನಡೆಯುವಾಗ ಊರಿದ ಪಾದ ಜಾರದೆ ನಿಂತಿರುವ ಹಾಗೆ. ಆಗ ಸಿಗುವುದು ಸ್ಥಾಯಿ ಘರ್ಷಣೆ. ಗಾಲಿ ಪೂರ್ತಿ ನಿಂತು ಟೈರು ಜಾರತೊಡಗಿದರೆ ಸಿಗುವುದು ಜಾರು ಘರ್ಷಣೆ. ಸಾಮಾನ್ಯವಾಗಿ ಸ್ಥಾಯಿ ಘರ್ಷಣೆಯ ಮೇಲಿನ ಮಿತಿಗಿಂತ ಜಾರು ಘರ್ಷಣೆ ಕಡಿಮೆ. ಆದ್ದರಿಂದ ಗಾಲಿ ಇನ್ನೇನು ಜಾರಬೇಕು ಎನ್ನುವ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ಬ್ರೇಕ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತದೆ. ಇದ್ದಬಿದ್ದ ಬಲವೆಲ್ಲ ಹಾಕಿದರೆ ತಡವಾಗಿ ನಿಲ್ಲುತ್ತದೆ.

ನಾನು ಅಳಿಯನಿಗೆ ಹೇಳಿದೆ: "ಬಿಗಿ ಮಾಡಬ್ಯಾಡ. ಸಡಲ ಮಾಡು."

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ತಿರುಪನ್ನು ಒಂದು ಸುತ್ತು ಸಡಿಲಿಸಿದ. ಮತ್ತೆ ಐದು ಓಟ. ನಾಲ್ಕು ಸಲ ಕಾರು ನೇರವಾಗಿ ನಿಂತಿತು. ಸರಾಸರಿ ದೂರ 7 ಮೀಟರ್. ಬ್ರೇಕ್ ಕಡಿಮೆ ಮಾಡಿದ್ದಕ್ಕೆ ಕಾರು ಬೇಗ ನಿಂತಿತ್ತು!

ಗಿರಕಿ ಏಕೆ?

ನಾಲ್ಕೂ ಗಾಲಿ ಜಾರಿದರೆ ಕಾರು ನೇರವಾಗಿಯೇ ಜಾರಬಹುದಿತ್ತಲ್ಲ? ಗಿರಕಿ ಏಕೆ ಹೊಡೆಯುತ್ತಿತ್ತು?

ಬಸ್ಸಿನಲ್ಲಿ ಚಾಲಕರು ಒಮ್ಮೆಲೇ ಬ್ರೇಕ್ ಹಾಕಿದಾಗ ನೀವು ಮುಂದಕ್ಕೆ ವಾಲುತ್ತೀರಿ. ಅದು ಜಡತ್ವ. ಕಾರಿನ ದೇಹವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಆಗ ಮುಂದಿನ ಗಾಲಿಗಳ ಮೇಲೆ ಭಾರ ಹೆಚ್ಚುತ್ತದೆ, ಹಿಂದಿನ ಗಾಲಿಗಳ ಮೇಲೆ ಕಡಿಮೆಯಾಗುತ್ತದೆ. ಭಾರ ಕಡಿಮೆಯಾದರೆ ನೆಲದ ಮೇಲಿನ ಒತ್ತು ಕಡಿಮೆ. ಒತ್ತು ಕಡಿಮೆಯಾದರೆ ಘರ್ಷಣೆ ಕಡಿಮೆ. ಹೀಗಾಗಿ ಹಿಂದಿನ ಗಾಲಿಗಳು ಮೊದಲು ಜಾರುತ್ತವೆ. ಜಾರುವ ಗಾಲಿಗೆ ಎಡ ಬಲ ಎಂಬ ಭೇದವಿಲ್ಲ, ಯಾವ ಕಡೆಗಾದರೂ ಜಾರುತ್ತದೆ. ಹಿಂಭಾಗ ಬದಿಗೆ ಸರಿದು ಮುಂಭಾಗವನ್ನು ಹಿಂದೆ ಹಾಕಲು ನೋಡುತ್ತದೆ. ಅದೇ ಗಿರಕಿ.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಬ್ರೇಕ್ ಹಾಕಿದಾಗ ನೆಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಮುಂದಿನ ಗಾಲಿ. ಅದರ ಸಹಾಯವನ್ನೇ ಬೇಡವೆಂದರೆ ಗಾಡಿ ನಿಲ್ಲುವುದು ಕಷ್ಟ. ಮುಂದಿನ ಬ್ರೇಕೊಂದನ್ನೇ ಒಮ್ಮೆಲೇ ಎಳೆದರೆ ಸೈಕಲ್ ಪಲ್ಟಿಯಾಗಬಹುದು ಎಂಬುದೂ ನಿಜ. ಆದ್ದರಿಂದ ಎರಡನ್ನೂ ಕೂಡಿಸಿ, ಮೆತ್ತಗೆ ಹಿಡಿಯಬೇಕು.

ಈ ಮಾತನ್ನು ಅಳಿಯನಿಗೆ ಹೇಳುತ್ತಿದ್ದಂತೆ ನನ್ನ ಬಾಯಿ ಅರ್ಧಕ್ಕೆ ನಿಂತಿತು. ಎರಡೂ ಕೂಡೇ ಹಿಡಿ, ಮೆತ್ತಗ ಹಿಡಿ. ಇದು ನನ್ನ ಮಾತಾಗಿರಲಿಲ್ಲ.

ಗಾಲಿಯನ್ನು ನೆಲಕ್ಕೆ ಅಂಟಿಸಿಡುವವರು

ಕೆಲಸ ಇನ್ನೂ ಮುಗಿದಿರಲಿಲ್ಲ. ಕಾರು ಗಿರಕಿ ಹೊಡೆಯುವುದು ಕಡಿಮೆಯಾದರೂ ನಿಲ್ಲುವಾಗ ಎಡಕ್ಕೆ ಎಳೆಯುತ್ತಿತ್ತು. ಸಿಮೆಂಟಿನ ಹಾಸುಗಳು ಕೂಡುವ ಸಣ್ಣ ಏಣಿನ ಮೇಲೆ ಹೋದಾಗ ಕುಪ್ಪಳಿಸುತ್ತಿತ್ತು. ಗಾಲಿ ಗಾಳಿಯಲ್ಲಿದ್ದಷ್ಟು ಹೊತ್ತು ಅದಕ್ಕೆ ನೆಲವೇ ಇಲ್ಲ. ನೆಲವಿಲ್ಲದ ಮೇಲೆ ಬ್ರೇಕ್ ಎಷ್ಟು ಒಳ್ಳೆಯದಿದ್ದರೇನು?

ಗಾಲಿಯನ್ನು ನೆಲಕ್ಕೆ ಅಂಟಿಸಿಡುವ ಕೆಲಸ ಸಸ್ಪೆನ್ಷನ್ನಿನದು. ನಮ್ಮ ರೈತರ ಚಕ್ಕಡಿಗೆ ಸ್ಪ್ರಿಂಗು ಇರುವುದಿಲ್ಲ. ಕಲ್ಲಿನ ಮೇಲೆ ಗಾಲಿ ಹತ್ತಿದರೆ ಇಡೀ ಗಾಡಿಯೇ ಎದ್ದು ಕುಕ್ಕುತ್ತದೆ. ಲಾರಿಯ ಕೆಳಗೆ ಬಗ್ಗಿ ನೋಡಿದರೆ (ನಿಂತ ಲಾರಿ, ದೊಡ್ಡವರು ಜೊತೆಗಿದ್ದಾಗ ಮಾತ್ರ) ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕಾಣುತ್ತವೆ. ಮೆಕ್ಯಾನಿಕ್‌ಗಳು ಅದನ್ನು ಪಾಟಾ ಎನ್ನುತ್ತಾರೆ. ಅದೂ ಒಂದು ಬಗೆಯ ಸ್ಪ್ರಿಂಗು. ಉಬ್ಬು ಬಂದಾಗ ಗಾಲಿ ಮಾತ್ರ ಮೇಲೇರುತ್ತದೆ, ಸ್ಪ್ರಿಂಗು ಕುಗ್ಗಿ ಮತ್ತೆ ಗಾಲಿಯನ್ನು ಕೆಳಕ್ಕೆ ಒತ್ತುತ್ತದೆ.

ಆದರೆ ಬರಿಯ ಸ್ಪ್ರಿಂಗಿಗೆ ಒಂದು ದೋಷವಿದೆ. ಒಮ್ಮೆ ಒತ್ತಿ ಬಿಟ್ಟರೆ ಅದು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸಲು ಶಾಕ್ ಅಬ್ಸಾರ್ಬರ್ ಬೇಕು. ಅಳಿಯನ ಕಾರಿನಲ್ಲಿ ನಾಲ್ಕು ಗಾಲಿಗೆ ನಾಲ್ಕು ಇದ್ದವು, ಒಂದೊಂದೂ ನನ್ನ ಕಿರುಬೆರಳಿನಷ್ಟು. ಹೊರಗೆ ಸುರುಳಿ ಸ್ಪ್ರಿಂಗು, ಒಳಗೆ ಸಿಲಿಕೋನ್ ಎಣ್ಣೆ ತುಂಬಿದ ಕೊಳವೆ. ಎಣ್ಣೆಯಲ್ಲಿ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸೂಜಿಮೊನೆಯಂಥ ತೂತುಗಳು. ಗಾಲಿ ಮೇಲೆ ಕೆಳಗೆ ಆಡಿದಾಗಲೆಲ್ಲ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ನುಸುಳುವಾಗ ಚಲನಶಕ್ತಿ ಉಷ್ಣವಾಗಿ ಬದಲಾಗುತ್ತದೆ, ಕುಣಿತ ಅಡಗುತ್ತದೆ. ಎಣ್ಣೆ ದಪ್ಪವಾದಷ್ಟೂ ನುಸುಳುವುದು ಕಷ್ಟ. ನೀರು ಬೇಗ ಸುರಿಯುತ್ತದೆ, ಜೇನುತುಪ್ಪ ನಿಧಾನ. ದ್ರವದ ಈ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು.

ಕಾರನ್ನು ಮನೆಗೆ ತಂದು ಒಂದು ಸರಳ ಪರೀಕ್ಷೆ ಮಾಡಿದೆವು. ಅದರ ಹಿಂಭಾಗವನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತಿ ಮೇಜಿನ ಮೇಲೆ ಕೈಬಿಡಬೇಕು. ಶಾಕ್ ಅಬ್ಸಾರ್ಬರ್ ಸರಿ ಇದ್ದರೆ ಕಾರು ಮೆತ್ತಗೆ ಕುಳಿತುಕೊಳ್ಳುತ್ತದೆ. ನಮ್ಮದರಲ್ಲಿ ಬಲಗಡೆ ಕುಳಿತುಕೊಂಡಿತು, ಎಡಗಡೆ ಎರಡು ಸಲ ಪುಟಿಯಿತು. ಬಿಚ್ಚಿ ನೋಡಿದರೆ ಎಡಗಡೆಯದರಲ್ಲಿ ಎಣ್ಣೆ ಸೋರಿ, ಅರ್ಧ ಗಾಳಿಯೇ ತುಂಬಿತ್ತು. ಎರಡಕ್ಕೂ ಒಂದೇ ಎಣ್ಣೆಯನ್ನು ಗುಳ್ಳೆ ಉಳಿಯದಂತೆ ತುಂಬಿದೆವು. ಮುಂದಿನ ಭಾನುವಾರ ಕಾರು ಎಡಕ್ಕೆ ಎಳೆಯಲಿಲ್ಲ. ಸರಾಸರಿ ದೂರ ಆರೂವರೆ ಮೀಟರ್.

ಒಂದು ಸಲಕ್ಕೆ ಒಂದೇ ಬದಲಾವಣೆ

ಉತ್ಸಾಹದಲ್ಲಿ ಅಳಿಯ ಒಂದು ತಪ್ಪು ಮಾಡಿದ. ನಾಲ್ಕೂ ಕಡೆ ತೆಳುವಾದ ಎಣ್ಣೆ ಹಾಕಿ, ಅದರ ಜೊತೆಗೇ ಬ್ರೇಕಿನ ತಿರುಪನ್ನೂ ಸ್ವಲ್ಪ ಬಿಗಿ ಮಾಡಿದ. ದೂರ ಆರೂವರೆ ಮೀಟರ್ ಇದ್ದದ್ದು ಹಾಗೆಯೇ ಉಳಿಯಿತು. "ಎಣ್ಣಿಯಿಂದ ಏನೂ ಆಗಲಿಲ್ರಿ ಮಾಮಾ" ಎಂದ.

ನಿಜವೇ? ಎಣ್ಣೆಯಿಂದ ಲಾಭವಾಗಿ, ತಿರುಪಿನಿಂದ ಅಷ್ಟೇ ನಷ್ಟವಾಗಿದ್ದರೆ? ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ. ತಿರುಪನ್ನು ಮೊದಲಿನ ಜಾಗಕ್ಕೆ ತಂದು ಮತ್ತೆ ಓಡಿಸಿದೆವು. ಈಗ ಕಾರು ಐದೂವರೆ ಮೀಟರಿಗೇ ನಿಂತಿತು. ತೆಳುವಾದ ಎಣ್ಣೆಯಿಂದ ಗಾಲಿ ಬೇಗ ಮೇಲೆ ಕೆಳಗೆ ಆಡಿ, ಏಣಿನ ಮೇಲೂ ನೆಲವನ್ನು ಬಿಡದೆ ಹಿಡಿದಿತ್ತು.

ಇನ್ನೂ ಮೆತ್ತಗಾದರೆ ಇನ್ನೂ ಒಳ್ಳೆಯದಾಗಬೇಕಲ್ಲ ಎಂದು ಮುಂದಿನ ಎರಡು ಸ್ಪ್ರಿಂಗುಗಳನ್ನು ತೆಗೆದು ಮೆತ್ತನೆಯವನ್ನು ಹಾಕಿದೆವು. ಈ ಸಲ ತಪ್ಪು ನನ್ನದೇ. ಬ್ರೇಕ್ ಹಾಕಿದ ಕೂಡಲೇ ಕಾರು ಮೂಗು ಬಗ್ಗಿಸಿ ನೆಲಕ್ಕೆ ಉಜ್ಜಿತು, ಹಿಂಭಾಗ ಹಗುರಾಗಿ ಮತ್ತೆ ಜಾರಿತು. ದೂರ ಆರು ಮೀಟರಿಗಿಂತ ಹೆಚ್ಚಾಯಿತು. ಹಳೆಯ ಸ್ಪ್ರಿಂಗುಗಳನ್ನೇ ವಾಪಸ್ಸು ಹಾಕಿದೆವು. ಗಟ್ಟಿಯಾದದ್ದೇ ಒಳ್ಳೆಯದಲ್ಲ, ಮೆತ್ತಗಿದ್ದದ್ದೇ ಒಳ್ಳೆಯದೂ ಅಲ್ಲ. ಆ ಕಾರಿಗೆ, ಆ ನೆಲಕ್ಕೆ ಯಾವುದು ಸರಿ ಎಂದು ಅಳತೆ ಮಾಡಿಯೇ ತಿಳಿಯಬೇಕು.

ದೊಡ್ಡ ಗಾಡಿಗಳಲ್ಲಿಯೂ ಇದೇ

ಆಟದ ಕಾರಿನ ನಿಯಮ ಬೇರೆ, ಬಸ್ಸಿನ ನಿಯಮ ಬೇರೆ ಅಲ್ಲ. ಒಮ್ಮೆಲೇ ಬ್ರೇಕ್ ಹಿಡಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ಸಾಧನವೊಂದಿದೆ. ಅದರ ಹೆಸರು ಎ.ಬಿ.ಎಸ್. ಗಾಲಿ ನಿಲ್ಲುವ ಸೂಚನೆ ಸಿಕ್ಕ ಕೂಡಲೇ ಅದು ಬ್ರೇಕನ್ನು ತಾನೇ ಸಡಿಲಿಸಿ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ ಹೀಗೆ ಮಾಡುತ್ತದೆ. ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್ 1ರಿಂದ ಇದು ಕಡ್ಡಾಯವಾಯಿತು. ಮೆತ್ತಗೆ ಹಿಡಿ ಎಂಬ ಬುದ್ಧಿಮಾತನ್ನು ಯಂತ್ರಕ್ಕೆ ಕಲಿಸಿದ್ದಾರೆ ಎನ್ನಬಹುದು.

ಹುಬ್ಬಳ್ಳಿಯಿಂದ ಅಂಕೋಲಾ ಕಡೆಗೆ ಹೋಗುವ ಬಸ್ಸು ಯಲ್ಲಾಪುರ ದಾಟಿ ಅರಬೈಲ್ ಘಾಟಿನಲ್ಲಿ ಇಳಿಯುವುದನ್ನು ಗಮನಿಸಿ. ಚಾಲಕರು ಬ್ರೇಕನ್ನೇ ಒತ್ತಿಕೊಂಡು ಇಳಿಯುವುದಿಲ್ಲ. ಗೇರ್ ಇಳಿಸಿ, ಎಂಜಿನ್ನಿನ ತಡೆಯಿಂದಲೇ ಬಸ್ಸನ್ನು ನಿಧಾನಗೊಳಿಸುತ್ತಾರೆ. ಬ್ರೇಕ್ ಹಿಡಿದಾಗ ಚಲನಶಕ್ತಿ ಉಷ್ಣಶಕ್ತಿಯಾಗುತ್ತದೆ. ಉದ್ದಕ್ಕೂ ಹಿಡಿದೇ ಇದ್ದರೆ ಬ್ರೇಕ್ ಕಾದು, ಅದರ ಹಿಡಿತವೇ ಕಡಿಮೆಯಾಗುತ್ತದೆ.

ಟೈರಿನ ಮೇಲಿನ ಚಪ್ಪಟೆ ಜಾಗ

ಕೊನೆಯ ಭಾನುವಾರ ಅಳಿಯ ಕಾರನ್ನು ಒರೆಸುತ್ತಿದ್ದ. "ಇಲ್ಲಿ ನೋಡ್ರಿ ಮಾಮಾ, ಟೈರ್ ಒಂದ ಕಡೆ ಸವದೈತಿ" ಎಂದು ತೋರಿಸಿದ. ದುಂಡಗಿನ ಟೈರಿನಲ್ಲಿ ಒಂದು ಜಾಗ ಮಾತ್ರ ಚಪ್ಪಟೆಯಾಗಿತ್ತು. ಮೊದಲ ದಿನ ಗಾಲಿ ನಿಂತು ಜಾರಿದಾಗ ನೆಲಕ್ಕೆ ತಾಗಿದ್ದ ಜಾಗ ಅದು. ಗಾಲಿ ತಿರುಗುತ್ತಿದ್ದರೆ ಟೈರು ಸುತ್ತಲೂ ಸಮನಾಗಿ ಸವೆಯುತ್ತದೆ. ನಿಂತ ಗಾಲಿ ಮಾತ್ರ ಒಂದೇ ಕಡೆ ಸವೆಯುತ್ತದೆ.

ಕಾಕಾ ಅಂದು ಬೆರಳಿಟ್ಟದ್ದು ಇಂಥದ್ದೇ ಜಾಗದ ಮೇಲೆ. ಅವರು ಸಾಕ್ಷ್ಯವನ್ನು ನೋಡಿ, ಅದಕ್ಕೆ ತಕ್ಕ ಪ್ರಶ್ನೆಯನ್ನೇ ಕೇಳಿದ್ದರು. ನಾನು ನೋಡದಿದ್ದದ್ದನ್ನು ನೋಡಿದಂತೆ ಉತ್ತರ ಕೊಟ್ಟಿದ್ದೆ. ಅವರು ಹಾಕಿದ ಬ್ರೇಕ್ ಚೆನ್ನಾಗಿಯೇ ಹತ್ತಿತ್ತು. ಗಾಲಿ ನಿಂತಿತ್ತು. ಕೆಸರಿನ ನೆಲಕ್ಕೆ ನನ್ನನ್ನು ಹಿಡಿಯಲಾಗಲಿಲ್ಲ, ಅಷ್ಟೆ. ಅವರು ಹೇಳಿದ ಹಾಗೆ ಮುಂದಿನ ಬ್ರೇಕನ್ನೂ ಕೂಡಿಸಿ ಮೆತ್ತಗೆ ಹಿಡಿದಿದ್ದರೆ, ಅದಕ್ಕೂ ಮೊದಲು ವೇಗ ಕಡಿಮೆ ಮಾಡಿದ್ದರೆ, ನಾನು ಬೀಳುತ್ತಿರಲಿಲ್ಲವೇನೋ.

ಆ ಸಂಜೆ ನಮ್ಮ ಹಳೆಯ ಓಣಿಗೆ ನಡೆದುಕೊಂಡು ಹೋದೆ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಕಾಕಾ ತೀರಿಕೊಂಡು ಬಹಳ ವರ್ಷಗಳಾದವು ಎಂದು ಪಕ್ಕದವರು ಹೇಳಿದರು. ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಅಷ್ಟ ಬೈಬಾರದಿತ್ತು" ಎಂದರು.

ನೀವೇ ಮಾಡಿ ನೋಡಿ

1. ಕಂಪಾಸ್ ಪೆಟ್ಟಿಗೆಗೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿ, ಮೇಜಿನ ಮೇಲೆ ನಿಧಾನವಾಗಿ ಎಳೆಯಿರಿ. ಪೆಟ್ಟಿಗೆ ಹೊರಡುವ ಮುನ್ನ ಬ್ಯಾಂಡ್ ಎಷ್ಟು ಉದ್ದವಾಗುತ್ತದೆ? ಜಾರತೊಡಗಿದ ಮೇಲೆ ಎಷ್ಟಿರುತ್ತದೆ? ಅಳತೆಪಟ್ಟಿಯಿಂದ ಅಳೆದು ಬರೆಯಿರಿ. ಸ್ಥಾಯಿ ಘರ್ಷಣೆ ಮತ್ತು ಜಾರು ಘರ್ಷಣೆಯ ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ.

2. ಒಂದು ಹಲಗೆಯನ್ನು ಇಳಿಜಾರಾಗಿಟ್ಟು, ಅದರ ಕೆಳತುದಿಯಿಂದ ಮುಂದಕ್ಕೆ ನೆಲದ ಮೇಲೆ ಟವೆಲ್ ಹಾಸಿ. ಆಟದ ಕಾರನ್ನು 5 ಸೆಂ.ಮೀ. ಎತ್ತರದಿಂದ ಬಿಡಿ, ಆಮೇಲೆ 20 ಸೆಂ.ಮೀ. ಎತ್ತರದಿಂದ ಬಿಡಿ. ಎತ್ತರ ನಾಲ್ಕು ಪಟ್ಟಾದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಟವೆಲ್ ಮೇಲೆ ಕಾರು ಹೋಗಿ ನಿಲ್ಲುವ ದೂರ ಎಷ್ಟು ಪಟ್ಟಾಯಿತು? ಎರಡೋ, ನಾಲ್ಕೋ? ಪ್ರತಿ ಎತ್ತರಕ್ಕೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಇಳಿಜಾರಿನಲ್ಲಿ ಸೈಕಲ್ಲನ್ನು ಏಕೆ ನಿಧಾನವಾಗಿ ಬಿಡಬೇಕು ಎಂದು ಆಗ ತಿಳಿಯುತ್ತದೆ.

3. ಮನೆಯಲ್ಲಿ ಸೈಕಲ್ ಇದ್ದರೆ ದೊಡ್ಡವರ ಜೊತೆ ಸೇರಿ ಪರೀಕ್ಷಿಸಿ. ಎರಡೂ ಬ್ರೇಕ್ ರಬ್ಬರುಗಳು ಸವೆದಿವೆಯೇ? ರಿಮ್ಮಿನ ಮೇಲೆ ಎಣ್ಣೆ ಬಿದ್ದಿದೆಯೇ? ಟೈರಿನಲ್ಲಿ ಗಾಳಿ ಸರಿಯಾಗಿದೆಯೇ? ಟೈರಿನ ಮೇಲೆ ಚಪ್ಪಟೆ ಜಾಗವಿದ್ದರೆ ಅದು ಏನು ಹೇಳುತ್ತದೆ?

ನೀವು ಬರೆದ ಅಳತೆಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಏನಾದರೂ ಕೆಟ್ಟಾಗ ತಪ್ಪು ಇಂಥವರದು ಎಂದು ಹೇಳುವ ಮೊದಲು ಒಂದು ಸಲ ಬಗ್ಗಿ ನೆಲ ನೋಡಿ, ಗಾಲಿ ನೋಡಿ. ಲೇಖನದ ಮೊದಲಲ್ಲಿ ನೀವು ಬರೆದ ಉತ್ತರ ತಪ್ಪಾಗಿದ್ದರೆ ಬೇಸರ ಬೇಡ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ನಾನು ನನ್ನದನ್ನು ಇಲ್ಲಿ ಬರೆಯುತ್ತಿದ್ದೇನೆ, ಮೂವತ್ತು ವರ್ಷ ತಡವಾಗಿ: ಗಾಲಿ ನಿಂತಿತ್ರಿ, ಕಾಕಾ.